ಐನೂರರ ಟಿಕೇಟಿಗೆ ಬಾಗ್ಲ ದುಡ್ಡು ಬೇರೆ

ಅಕ್ಕ-ತಂಗೀರೇ, ಈ ಸಲ ಅಡುಗೆ ವಿಷ್ಯ ಅಲ್ಲ, ಹಪ್ಪಳ-ಸಂಡಿಗೆ ವಿಷ್ಯವೂ ಅಲ್ಲ. ಜಗಳದ ವಿಷ್ಯ. ಜಗಳ ಯಾರ ಸಂಗಡ ಅಂದ್ರೆ ಮುಖ ಇಲ್ದ ಒಂದು ಆಪಿನ ಸಂಗಡ. ಮುಖ ಇದ್ದಿದ್ರೆ ಬಾಯಲ್ಲೇ ಹೇಳಿ ಮುಗಿಸ್ತಿದ್ದೆ, ಇಷ್ಟುದ್ದ ಬರೆಯೂ ಕೆಲ್ಸ ಇರ್ತಿರ್ಲಿಲ್ಲ.

ಹೋದ ಆಯ್ತವಾರ ಕಾರವಾರದಿಂದ ಅಣ್ಣ-ಅತ್ತಿಗೆ ಮಕ್ಳಿಬ್ರನ್ನೂ ಕರ್ಕಂಡು ಅಂಕೋಲೆಗೆ ನಮ್ಮನಿಗೆ ಬಂದಿದ್ರು. ದೊಡ್ಡವನಿಗೆ ನಾ ಒಂದು ಮಾತು ಕೊಟ್ಟಿದ್ದೆ. ಪರೀಕ್ಷೆ ಚಲೋ ಮಾಡಿದ್ರೆ ನಾಲ್ಕೂ ಜನಕ್ಕೆ ಮ್ಯಾಚಿನ ಟಿಕೇಟು ಅತ್ತೆ ಲೆಕ್ಕದಲ್ಲಿ ಅಂದೇಳಿ. ಅವ ಚಲೋ ಮಾಡ್ದ. ನಾನೂ ತೆಂಗಿನಕಾಯಿ ಮಾರಿದ ದುಡ್ಡಲ್ಲಿ ಎರಡು ಸಾವಿರ ಬೇರೆ ತೆಗ್ದು ಇಟ್ಟಿದ್ದೆ. ಟಿಕೇಟು ಐನೂರು, ಜನ ನಾಲ್ಕು, ಎರಡು ಸಾವಿರ. ಸಣ್ಣ ಮಗೂಗೂ ಬರೂ ಲೆಕ್ಕ. ಬಸ್ಸು, ಊಟ ಎಲ್ಲ ಅಣ್ಣಂದು.

ಯಾವ ಊರಿನ ಮ್ಯಾಚು, ಯಾವ ಕ್ಲಬ್ಬು, ಯಾವ ಆಪು ಅಂದೇಳಿ ಹೆಸ್ರು ಬರೆಯೂದಿಲ್ಲ. ಒಬ್ಬರದ್ದೇ ತಪ್ಪು ಅಂದ್ಕಳ್ಬೇಡಿ ಅಂತ ಬಿಟ್ಟದ್ದು. ಇವತ್ತು ಸುಮಾರು ಅಂಗಡಿಯಲ್ಲಿ ಇದೇ ತಕ್ಕಡಿ.

ಊಟ ಆದ್ಮೇಲೆ ಹುಡುಗ ನನ್ನ ಫೋನು ತಕಂಡು ಜಗಲಿ ಮೇಲೆ ಕೂತ. ತಂಗಿ ಅವನ ಹೆಗಲಿಗೆ ಜೋತ್ಕಂಡು ನಿಂತಿತ್ತು. ಪರದೆ ಮೇಲೆ ದಪ್ಪ ಅಕ್ಷರದಲ್ಲಿ 500 ಅಂತ ಇತ್ತು. ಮೈದಾನದ ಚಿತ್ರ ಬಂತು, ಸಣ್ಣ ಸಣ್ಣ ಹಸ್ರು ಚೌಕ. "ಇಲ್ಲಿ ಕೂತ್ರೆ ಬಿಸ್ಲು ಬರೂದಿಲ್ಲ" ಅಂದೇಳಿ ಇಬ್ರೂ ಗುದ್ದಾಡ್ಕಂಡು ನಾಲ್ಕು ಸೀಟು ಒತ್ತಿದ್ರು. ಒತ್ತಿದ ಕೂಡ್ಲೆ ಮೇಲ್ಗಡೆ ಒಂದು ಗಡಿಯಾರ ಶುರುವಾಯ್ತು, ಎಂಟು ನಿಮಿಷದೊಳಗೆ ಮುಗಿಸ್ಬೇಕು. ಹೆಸ್ರು ಕೇಳ್ತು, ನಂಬರು ಕೇಳ್ತು, ಮೇಲ್ ಕೇಳ್ತು, ಒಟಿಪಿ ಕೇಳ್ತು. ಎಲ್ಲ ಕೊಟ್ಟು ಕಡೇ ಪುಟಕ್ಕೆ ಬಂದಾಗ ಲೆಕ್ಕ ಹೀಗೆ ಇತ್ತು:

ಟಿಕೇಟು ನಾಲ್ಕು, 2000 ರೂಪಾಯಿ.
ಬುಕಿಂಗ್ ಫೀ, ಟಿಕೇಟಿಗೆ 40ರಂತೆ, 160.
ಆ ಫೀ ಮೇಲೆ 18 ಪರ್ಸೆಂಟ್ ಜಿಎಸ್‌ಟಿ, 28.80.
ಪೇಮೆಂಟ್ ಹ್ಯಾಂಡ್ಲಿಂಗ್, 30.
ದಾನ, ಟಿಕೇಟಿಗೆ ಒಂದು ರೂಪಾಯಂತೆ, 4. ನಾವು ಮುಟ್ಟೂ ಮೊದ್ಲೇ ಅದ್ಕೆ ಟಿಕ್ ಬಿದ್ದಿತ್ತು.
ಒಟ್ಟು 2222 ರೂಪಾಯಿ 80 ಪೈಸೆ.

"ಅತ್ತೆ, ಬೇಗ ಪಿನ್ ಹಾಕು, ಎರಡೇ ನಿಮಿಷ ಉಳ್ದದೆ" ಅಂತ ಹುಡುಗ. ನಾ ಹೇಳ್ದೆ, "ತಡಿ ಮಾರಾಯ, ಈ ಇನ್ನೂರ ಇಪ್ಪತ್ತೆರಡು ಎಂತಕ್ಕೆ?" ಅವನಿಗೆ ಗೊತ್ತಿಲ್ಲ. ಅಣ್ಣನಿಗೆ ಗೊತ್ತಿಲ್ಲ. ಅತ್ತಿಗೆ ಹೇಳಿದ್ರು, "ಎಲ್ಲ ಕಡೆಗೂ ಹಂಗೇಯ, ಬಿಡೆ." ಆ "ಬಿಡೆ" ಅನ್ನೂ ಮಾತಿಂದಲೇ ನಂಗೆ ಸಿಟ್ಟು ಬಂದದ್ದು. ನಾವೆಲ್ಲ ಬಿಟ್ಟು ಬಿಟ್ಟೇ ಇಲ್ಲಿಗೆ ಬಂದು ಮುಟ್ಟಿದ್ದು.

ಈಗ ನಮ್ಮ ಮೀನು ಮಾರೂ ಬಾಯಿ ತಕಳಿ. ಬೆಳಿಗ್ಗೆ ಬಂದರಿಗೆ ಹೋಗಿ, ಹರಾಜಲ್ಲಿ ಹಿಡ್ದು, ಬರ್ಫು ಹಾಕಿಸ್ಕಂಡು, ರಿಕ್ಷಾಕ್ಕೆ ದುಡ್ಡು ಕೊಟ್ಟು, ತಲೆ ಮೇಲೆ ಬುಟ್ಟಿ ಹೊತ್ಕಂಡು ನಮ್ಮ ಬಾಗ್ಲಿಗೆ ಬತ್ತದೆ. "ನೂರು ರೂಪಾಯಿಗೆ ಒಂದು ಪಾಲು ಬಂಗಡೆ" ಅಂತದೆ. ನಾವು ಎಂಬತ್ತಕ್ಕೆ ಕೇಳ್ತ್ರು, ಅದು ತೊಂಬತ್ತಕ್ಕೆ ಕೊಡ್ತದೆ, ಮೇಲಿಂದ ಒಂದು ಮೀನು ಹಾಕ್ತದೆ. ಆ ತೊಂಬತ್ತರಲ್ಲೇ ಅದರ ಬರ್ಫು ಬಂತು, ರಿಕ್ಷಾ ಬಂತು, ಬುಟ್ಟಿ ಬಂತು, ಕಾಲುನೋವೂ ಬಂತು.

ಒಂದು ದಿನ ಆ ಬಾಯಿ ಬಂದು ತೊಂಬತ್ತು ಅಂದೇಳಿ ಒಪ್ಕಂಡು, ಮೀನು ನಮ್ಮ ಪಾತ್ರೆಗೆ ಹಾಕಿ, ನಾವು ಒಳಗೆ ಮಸಾಲೆ ಅರೆಯೂಕೆ ಇಟ್ಟ ಮೇಲೆ, "ಅಮ್ಮಾ, ಬುಟ್ಟಿ ಹೊತ್ತದ್ದಕ್ಕೆ ಏಳು ರೂಪಾಯಿ, ಆ ಏಳಕ್ಕೆ ತೆರಿಗೆ ಒಂದೂಕಾಲು, ನಿಮ್ಮ ನೋಟು ಕೈಲಿ ಹಿಡ್ಕಂಡದ್ದಕ್ಕೆ ಒಂದೂವರೆ" ಅಂತ ಹೇಳಿದ್ರೆ ನಾವು ಎಂತ ಮಾಡ್ತಿದ್ದೆವು? ಕೇರಿಗೆಲ್ಲ ಕೇಳೂ ಹಾಗೆ ಬೈತಿದ್ದೆವು. ಮರುದಿವ್ಸದಿಂದ ಅದಕ್ಕೆ ಬಾಗ್ಲಿಲ್ಲ. ಬಿಸ್ಲಲ್ಲಿ ನಡ್ದು ಬರೂ ಬಡ ಹೆಂಗ್ಸಿನ ಹತ್ರ ಹತ್ತು ರೂಪಾಯಿಗೆ ಅಷ್ಟು ಹೊತ್ತು ಗುದ್ದಾಡೂ ನಾವು, ಎಸಿ ಕೋಣೆಯಲ್ಲಿ ಕೂತವ ಇನ್ನೂರ ಇಪ್ಪತ್ತೆರಡು ಕಿತ್ಕಂಡ್ರೆ "ಬಿಡೆ" ಅಂತ್ರು. ಇದು ನಂಗೂ ಸೇರಿ ಹೇಳಿದ ಮಾತು.

ಒಂದು ವ್ಯತ್ಯಾಸ ಇಲ್ಲೇ ಹೇಳ್ಬಿಡ್ತೆ. ಮಾರ್ಕೆಟ್ಟಲ್ಲಿ ಮೀನು ಕೊಯ್ದು ಕೊಡೂಕೆ ಬೇರೆ ದುಡ್ಡು ತಕಂತ್ರು. ಅದ್ಕೆ ನಮ್ಮದೇನೂ ತಕರಾರಿಲ್ಲ. ಯಾಕಂದ್ರೆ ಮೊದ್ಲೇ ಹೇಳ್ತ್ರು, "ಕೊಯ್ದು ಕೊಡ್ಬೇಕಾ?" ಬೇಡ ಅಂದ್ರೆ ಮನಿಗೆ ತಂದು ನಾವೇ ಕೊಯ್ಕಂತೆವು. ಬೇಕಾದವ್ರಿಗೆ ಸೇವೆ, ಬೇಡಾದವ್ರಿಗೆ ಇಲ್ಲ. ಅದು ಅನುಕೂಲ. ಆಪಿನವ ಬುಕಿಂಗ್ ಫೀಗೆ "ಕನ್ವೀನಿಯನ್ಸ್ ಫೀ" ಅಂದೇಳೂ ಚಂದದ ಹೆಸ್ರೂ ಇಟ್ಟಿದ್ದ. ಕನ್ವೀನಿಯನ್ಸ್ ಅಂದ್ರೆ ಅನುಕೂಲ. ಬೇಡ ಅನ್ನೂಕೆ ದಾರಿನೇ ಇಲ್ದಿದ್ದದ್ದು ಅನುಕೂಲ ಹೆಂಗೆ ಆತದೆ? ಅದು ಬೆಲೆ. ಬೆಲೆ ಆದ್ರೆ ಬೆಲೆಯಲ್ಲೇ ಬರೀಬೇಕು. ನಾ ಈ ಇಡೀ ಬರಹದಲ್ಲಿ ಹೇಳೂದು ಇದೊಂದೇ ಮಾತು.

ನಮ್ಮೂರ ಬದಿಗೆ ಹೊನಲು ಬೆಳಕಿನ ಕಬಡ್ಡಿ ಆತದಲ್ಲ, ಬಾಗ್ಲಲ್ಲಿ ಹಗ್ಗ ಕಟ್ಟಿ ಇಬ್ರು ಹುಡುಗ್ರು ಟಿಕೇಟ್ ಬುಕ್ಕು ಹಿಡ್ಕಂಡು ನಿಂತಿರ್ತ್ರು. ಎಷ್ಟು ಅಂತ ಬರ್ದದ್ಯೋ ಅಷ್ಟೇ. ಹರ್ದು ಕೊಡ್ತ್ರು, ಒಳಗೆ ಹೋಗೂದು. ಟಿಕೇಟು ಹರ್ದ ಕೂಲಿ, ಹಗ್ಗ ಎತ್ತಿದ ಕೂಲಿ ಅಂತ ಯಾರೂ ಕೇಳ್ಲಿಲ್ಲ. ಡೇರೆ ಆಟಕ್ಕೂ ಹಾಗೇ. ನಾವು ಸಣ್ಣಿದ್ದಾಗ ಆಯಿ ಸಂಗಡ ಯಕ್ಷಗಾನಕ್ಕೆ ಹೋಗ್ತಿದ್ದೆವು. ಕುರ್ಚಿಗೆ ಒಂದು ದರ, ನೆಲಕ್ಕೆ ಒಂದು ದರ, ಎರಡೂ ಬಾಗ್ಲಲ್ಲೇ ದೊಡ್ಡದಾಗಿ ಬರ್ದಿರ್ತಿತ್ತು. ಮನಿಯಿಂದ ಹೊರಡೂವಾಗ್ಲೇ ಆಯಿ ಸೀರೆ ಸೆರಗಿಗೆ ಅಷ್ಟೇ ದುಡ್ಡು ಗಂಟು ಹಾಕ್ಕಂಡು ಹೊರಡ್ತಿತ್ತು. ಬೆಲೆ ಮೊದ್ಲೇ ಗೊತ್ತಿದ್ರೆ ಮಾತ್ರ ಸೆರಗಿನ ಗಂಟಿಗೆ ಲೆಕ್ಕ ಸಿಕ್ತದೆ. ಕಡೇ ಪುಟದಲ್ಲಿ ಗೊತ್ತಾದ್ರೆ ಗಂಟು ಬಿಚ್ಚೂದು ಮಾತ್ರ ನಮ್ಮ ಪಾಲು.

ಆ ರಾತ್ರಿ ಬೆಂಗ್ಳೂರಲ್ಲಿ ಕಂಪ್ಯೂಟರ್ ಕೆಲ್ಸಕ್ಕಿರೂ ನಾದಿನಿ ಮಗ ಫೋನ್ ಮಾಡ್ದಾಗ ಅವನಿಗೆ ಹಿಡ್ಕಂಡೆ. ಪಾಪ, ಅವ ಆಪಿನ ವಕೀಲನೇನೂ ಅಲ್ಲ, ಆದ್ರೂ ಆ ಬದಿಗೆ ಮಾತಾಡ್ದ. "ಅತ್ತೆ, ಸರ್ವರಿಗೆ ಖರ್ಚಿಲ್ವಾ? ಲಕ್ಷ ಜನ ಒಂದೇ ಸಲ ಒತ್ತಿದ್ರೆ ತಡೀಬೇಕಲ್ಲ. ಕೌಂಟರಿಗೆ ಹೋಗೂಕೆ ನಿಂಗೆ ಬಸ್ ಚಾರ್ಜು ಎಷ್ಟು ಬೀಳ್ತಿತ್ತು?" ಅಂದ. ಖರ್ಚಿದೆ, ಒಪ್ಪಿದೆ. ಮೀನು ಬಾಯಿಗೂ ಬರ್ಫಿನ ಖರ್ಚಿದೆ. ಖರ್ಚಿದ್ರೆ ಟಿಕೇಟು 555 ಅಂತ ಬರೀಲಿ. ನಾ ನೋಡ್ತೆ, ಆಗೂದಾದ್ರೆ ತಕಂತೆ, ಆಗ್ದಿದ್ರೆ ಮಕ್ಳಿಗೆ ಮೊದ್ಲೇ ಹೇಳ್ತೆ. 500 ಅಂತ ಕೂಗಿ ಕರ್ದು 555 ತಕಳೂದಕ್ಕೆ ಸರ್ವರು ಕಾರಣ ಅಲ್ಲ.

ಮತ್ತೆ ಕೇಳ್ದೆ, ನಾಲ್ಕು ಟಿಕೇಟಿಗೆ ನಾಲ್ಕು ಸಲ 40 ಎಂತಕ್ಕೆ? ಹುಡುಗ ಒತ್ತಿದ್ದು ಒಂದು ಸಲ, ಒಟಿಪಿ ಬಂದದ್ದು ಒಂದು ಸಲ, ದುಡ್ಡು ಹೋದದ್ದು ಒಂದು ಸಲ. ಅದ್ಕೆ ಅವನ ಹತ್ರ ಉತ್ರ ಇರ್ಲಿಲ್ಲ.

ರೈಲಿನ ಲೆಕ್ಕ ನೋಡಿ. ಐಆರ್‌ಸಿಟಿಸಿಯಲ್ಲಿ ಟಿಕೇಟು ಮಾಡಿದ್ರೆ ಅಲ್ಲಿಯೂ ಕನ್ವೀನಿಯನ್ಸ್ ಫೀ ಇದೆ. 2016ರ ನವೆಂಬರಲ್ಲಿ ನೋಟು ಬಂದಾದಾಗ ಅದನ್ನ ತೆಗ್ದಿದ್ರು, 2019ರ ಸೆಪ್ಟೆಂಬರಿಂದ ತಿರ್ಗಿ ಹಾಕಿದ್ರು. ಎಸಿ ಅಲ್ದ ಡಬ್ಬಿಗೆ 15 ರೂಪಾಯಿ, ಎಸಿಗೆ 30. ಯುಪಿಐಯಲ್ಲಿ ಕೊಟ್ರೆ 10 ಮತ್ತೆ 20. ಮೇಲಿಂದ ಜಿಎಸ್‌ಟಿ. ಅದೂ ನಂಗೆ ಪ್ರೀತಿ ಅಲ್ಲ. ಆದ್ರೂ ಅಲ್ಲಿ ಎರಡು ಮಾತು ನ್ಯಾಯದ್ದು. ಒಂದು, ಫೀ ಇಡೀ ಟಿಕೇಟಿಗೆ ಒಂದೇ ಸಲ, ಅದ್ರಲ್ಲಿ ಒಬ್ರಿರಲಿ ಆರು ಜನ ಇರಲಿ. ಎರಡನೇದು, ಬೇಡಾದ್ರೆ ಕಾರವಾರದ ಶಿರವಾಡ ಸ್ಟೇಶನ್ನಿಗೆ ಹೋಗಿ ಕಿಟಕಿಯಲ್ಲಿ ಚೀಟಿ ತುಂಬಿ ಕೊಟ್ರೆ ಆ ಫೀ ಇಲ್ಲ. ಕಿಟಕಿ ಇದೆ, ಅದ್ಕೇ ಅನುಕೂಲ ಅನ್ನೂ ಮಾತಿಗೆ ಅಲ್ಲಿ ಸ್ವಲ್ಪ ಅರ್ಥ ಇದೆ. ಮ್ಯಾಚಿನ ಟಿಕೇಟಿಗೆ ನಂಗೆ ಕಿಟಕಿ ಎಲ್ಲಿದೆ? ಅಂಕೋಲೆ ಬಸ್‌ಸ್ಟ್ಯಾಂಡಲ್ಲೋ?

ಇನ್ನು ಆ ಮೂವತ್ತು ರೂಪಾಯಿ "ಪೇಮೆಂಟ್ ಹ್ಯಾಂಡ್ಲಿಂಗ್". ಇದನ್ನ ಎಲ್ಲರೂ ಸ್ವಲ್ಪ ಲಕ್ಷ್ಯ ಇಟ್ಟು ಓದಿ, ಮ್ಯಾಚಿಗೆ ಹೋಗ್ದವ್ರೂ ಓದಿ. ಶಾಲೆ ಫೀ, ಕ್ಲಾಸಿನ ಫೀ, ಹಾಲ್ ಬುಕಿಂಗು, ಎಲ್ಲ ಕಡೆಗೆ ಈ ಸಾಲು ಬರೂಕೆ ಶುರುವಾಗದೆ.

ನಾ ಕೊಟ್ಟದ್ದು ಯುಪಿಐಯಲ್ಲಿ, ನನ್ನ ಬ್ಯಾಂಕ್ ಖಾತೆಯಿಂದ ನೇರ. ಅಂಗಡಿಯವ ಕಾರ್ಡಲ್ಲಿ ದುಡ್ಡು ತಕಂಡ್ರೆ ಬ್ಯಾಂಕಿಗೆ ಒಂದು ಕಮಿಷನ್ ಕೊಡ್ಬೇಕಾತದೆ, ಅದ್ಕೆ ಎಂಡಿಆರ್ ಅಂತ್ರು. 2020ರ ಜನವರಿ 1ರಿಂದ ರುಪೇ ಡೆಬಿಟ್ ಕಾರ್ಡಿಗೂ ಯುಪಿಐಗೂ ಆ ಕಮಿಷನ್ ಸೊನ್ನೆ ಅಂದೇಳಿ ಸರ್ಕಾರವೇ ಮಾಡಿಟ್ಟದೆ. ಬಾಳೆಹಣ್ಣಿನ ಗಾಡಿಯವನೂ ಹಂಗೇ ತಕಂತ, ಹಾಲಿನವನೂ ಹಂಗೇ ತಕಂತ, ಯಾರೂ "ಸ್ಕ್ಯಾನಿಗೆ ಎರಡು ರೂಪಾಯಿ" ಅನ್ನೂದಿಲ್ಲ. ಬೇರೆ ಡೆಬಿಟ್ ಕಾರ್ಡಲ್ಲೇ ಕೊಟ್ಟೆ ಅಂದ್ಕಳಿ. ರಿಸರ್ವ್ ಬ್ಯಾಂಕು 2018ರ ಜನವರಿಯಿಂದ ದೊಡ್ಡ ವ್ಯಾಪಾರಿಗೆ ಆ ಕಮಿಷನ್ ನೂರಕ್ಕೆ 90 ಪೈಸೆ ದಾಟೂ ಹಾಗಿಲ್ಲ ಅಂತ ಹೇಳದೆ. ಎರಡು ಸಾವಿರಕ್ಕೆ ಹದಿನೆಂಟು ರೂಪಾಯಿ ಆಯ್ತು. ಆ ಹದಿನೆಂಟನ್ನೂ ವ್ಯಾಪಾರಿ ಗಿರಾಕಿ ತಲೆಗೆ ಹಾಕ್ದ ಹಾಗೆ ಬ್ಯಾಂಕುಗಳು ನೋಡ್ಕಳ್ಬೇಕು ಅಂತಲೂ ಅದೇ ಆದೇಶದಲ್ಲಿ ಇದೆ. ಹಾಗಿದ್ದಾಗ ಸೊನ್ನೆ ಕಮಿಷನ್ನಿನ ಯುಪಿಐಗೆ ಮೂವತ್ತು ರೂಪಾಯಿ ಯಾವ ಕೈ ನೋವಿಗೆ? ನಡುವೆ ದುಡ್ಡು ದಾಟಿಸೂ ಕಂಪನಿಯವ ಆಪಿನವನ ಹತ್ರ ತನ್ನ ಕೂಲಿ ತಕಳ್ಬಹುದು. ಅದು ಅವ್ರಿಬ್ಬರ ವ್ಯವಹಾರ. ನಮ್ಮನಿ ದಿನಸಿ ಅಂಗಡಿಯವ ಹುಬ್ಬಳ್ಳಿಯಿಂದ ಮಾಲು ತರಿಸಿದ ಲಾರಿ ಚೀಟಿ ನಂಗೆ ತೋರ್ಸೂದಿಲ್ಲ.

ತೆರಿಗೆ ಬೇರೆ, ಫೀ ಬೇರೆ. ಅದನ್ನ ಗಲಿಬಿಲಿ ಮಾಡ್ಕಳ್ಬೇಡಿ. ಐಪಿಎಲ್ ಟಿಕೇಟಿಗೆ ಮೊದ್ಲು 28 ಪರ್ಸೆಂಟ್ ಜಿಎಸ್‌ಟಿ ಇತ್ತು, 2025ರ ಸೆಪ್ಟೆಂಬರ್ 22ರಿಂದ 40 ಪರ್ಸೆಂಟ್ ಆಯ್ತು. ಸಾವಿರದ ಟಿಕೇಟು 1280 ಇದ್ದದ್ದು 1400 ಆಯ್ತು. ಅದು ಹೆಚ್ಚೋ ಕಡಿಮೆಯೋ, ಸರ್ಕಾರಕ್ಕೆ ಹೋಗೂ ದುಡ್ಡು, ಕೇಳೂದಿದ್ರೆ ಆರಿಸಿ ಕಳ್ಸಿದವ್ರನ್ನ ಕೇಳ್ಬಹುದು. ಬುಕಿಂಗ್ ಫೀ ಹಾಗಲ್ಲ. ಅದನ್ನ ಇಷ್ಟೇ ಅಂತ ಗೊತ್ತು ಮಾಡಿದವ ಆಪಿನವ ಅಥವಾ ಕ್ಲಬ್ಬಿನವ. ಆ ಫೀಗೂ ತಿರ್ಗಿ 18 ಪರ್ಸೆಂಟ್ ನಾವೇ ಕೊಡೂದು. "ಎಲ್ಲ ಟ್ಯಾಕ್ಸು ಅಮ್ಮಾ" ಅಂತ ಯಾರಾದ್ರೂ ಹೇಳಿದ್ರೆ ನಂಬ್ಬೇಡಿ. ಬಿಲ್ಲು ಬಿಡಿಸಿ ನೋಡಿ, ನನ್ನ ಇನ್ನೂರ ಇಪ್ಪತ್ತೆರಡರಲ್ಲಿ ತೆರಿಗೆ ಅಂದ್ರೆ ಬರೀ 28 ರೂಪಾಯಿ 80 ಪೈಸೆ.

ಈ ಆಟದ ಮರ್ಮ ಇರೂದು ಕಡೇ ಪುಟದಲ್ಲಿ. ಮೊದಲ ಪುಟದಲ್ಲೇ 555 ಅಂತ ಕಂಡಿದ್ರೆ ನಾ ಅಣ್ಣನ ಹತ್ರ ಹೇಳ್ತಿದ್ದೆ, ಸ್ವಲ್ಪ ಹಿಂದಿನ ಸೀಟು ನೋಡ್ವಾ ಅಂತ. ಆದ್ರೆ ಅಷ್ಟೊತ್ತಿಗೆ ಮಕ್ಳು ಸೀಟು ಆರಿಸಿ ಆಗದೆ. ಸಣ್ಣದು ಶಾಲೆಯಲ್ಲಿ ಯಾರ್ಯಾರಿಗೆ ಹೇಳೂದು ಅಂತ ಲೆಕ್ಕ ಮಾಡ್ಕಂಡು ಕುಣೀತದೆ. ಗಡಿಯಾರ ಓಡ್ತದೆ. ಆ ಗಡಿಯಾರವೇ ಸುಳ್ಳು ಅಂತ ನಾ ಹೇಳೂದಿಲ್ಲ, ಸೀಟು ಹಿಡ್ದಿಟ್ಟಾಗ ಒಂದು ಹೊತ್ತು ಗೊತ್ತು ಮಾಡೂದು ಸರಿ. ಆದ್ರೆ ಗಡಿಯಾರ ಓಡೂವಾಗ ಹೊಸ ಲೆಕ್ಕ ತಂದು ಮುಂದಿಡೂದು ಸರಿ ಅಲ್ಲ. ಎರಡು ನಿಮಿಷದೊಳಗೆ ಯಾವ ಅತ್ತೆ, ಯಾವ ಆಯಿ ಮಕ್ಳ ಮುಖ ನೋಡ್ಕಂಡು "ಬೇಡ" ಅಂತಾಳೆ ಹೇಳಿ? ಇದು ಅವ್ರಿಗೆ ನಮಗಿಂತ ಚಲೋ ಗೊತ್ತು.

ಇದ್ಕೆ ಒಂದು ಹೆಸ್ರಿದೆ, ಡ್ರಿಪ್ ಪ್ರೈಸಿಂಗ್. ತೋಟಕ್ಕೆ ಡ್ರಿಪ್ ಹಾಕ್ತ್ರಲ್ಲ, ಹನಿ ಹನಿ ಬಿಡೂದು, ಹಂಗೆ ಬೆಲೆಯನ್ನ ಹನಿ ಹನಿ ಬಿಡೂದು. ನಾ ಇದ್ಕೆ ಮಾಡು ಸೋರೂದು ಅಂತ್ನೆ. ಮಳೆಗಾಲದಲ್ಲಿ ಒಂದು ಹಂಚು ಜಾರಿದ್ರೆ ಮೊದ್ಲು ಗೊತ್ತೇ ಆಗೂದಿಲ್ಲ, ಬೆಳಿಗ್ಗೆ ಎದ್ದು ನೋಡಿದ್ರೆ ಅಕ್ಕಿ ಮೂಟೆ ಒದ್ದೆ. 2023ರ ನವೆಂಬರ್ 30ಕ್ಕೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಇಂಥ ಹದಿಮೂರು ಮೋಸದ ಬಗೆಗಳನ್ನ ಹೆಸರಿಟ್ಟು ಪಟ್ಟಿ ಮಾಡಿ, ಆನ್‌ಲೈನ್ ವ್ಯಾಪಾರದಲ್ಲಿ ಇವನ್ನ ಮಾಡ್ಬಾರ್ದು ಅಂತ ಮಾರ್ಗಸೂಚಿ ಹೊರಡಿಸದೆ. ಬೆಲೆಯ ಭಾಗಗಳನ್ನ ಮೊದ್ಲೇ ತೋರಿಸ್ದೆ ಮುಚ್ಚಿಟ್ಟು ಆಮೇಲೆ ತೆಗ್ಯೂದು ಅದ್ರಲ್ಲಿ ಒಂದು. ನಾವು ಒಪ್ಪದೆ ದಾನದ ದುಡ್ಡೋ ಬೇರೆ ವಸ್ತುವೋ ಬಿಲ್ಲಿಗೆ ಸೇರಿಸೂದು ಇನ್ನೊಂದು. ನನ್ನ ಆ ನಾಲ್ಕು ರೂಪಾಯಿ ಅದೇ ಜಾತಿದು. ದಾನ ಮಾಡೂಕೆ ನಂಗೇನೂ ಬೇಜಾರಿಲ್ಲ. ಬಂಡಿಹಬ್ಬಕ್ಕೆ ಕೊಡ್ತೆ, ಶಾಲೆಗೆ ಕೊಡ್ತೆ. ಆದ್ರೆ ನನ್ನ ಕೈಯ್ಯ ಇನ್ನೊಬ್ಬ ಹಿಡ್ಕಂಡು ಹುಂಡಿಗೆ ಹಾಕಿಸಿದ್ರೆ ಅದು ದಾನ ಅಲ್ಲ. ನಿಯಮ ಇದೆ, ಪಟ್ಟಿ ಇದೆ. ಕಡೇ ಪುಟ ಮಾತ್ರ ನನ್ನ ಫೋನಲ್ಲಿ ಹಾಗೇ ಇದೆ.

ನೀವು ಕೇಳ್ಬಹುದು, ಕೋರ್ಟು ಇದನ್ನ ಸರಿ ಅಂದದ್ಯಲ್ಲ ಅಂತ. ಆ ಸುದ್ದಿ ಹೀಗೆ. ಮಹಾರಾಷ್ಟ್ರ ಸರ್ಕಾರ 2013 ಮತ್ತೆ 2014ರಲ್ಲಿ, ಸಿನೆಮಾ ಟಿಕೇಟನ್ನ ಆನ್‌ಲೈನ್ ಮಾರೂವಾಗ ಈ ಫೀ ತಕಳ್ಬಾರ್ದು ಅಂತ ಆದೇಶ ಮಾಡಿತ್ತು. 2025ರ ಜುಲೈಯಲ್ಲಿ ಮುಂಬೈ ಹೈಕೋರ್ಟು ಆ ಆದೇಶಗಳನ್ನ ರದ್ದು ಮಾಡ್ತು. ಕಾನೂನಿನ ಬಲ ಇಲ್ದೆ ಬರೀ ಆದೇಶದಿಂದ ವ್ಯಾಪಾರ ಮಾಡೂ ಹಕ್ಕನ್ನ ತಡಿಯೂಕೆ ಆಗೂದಿಲ್ಲ ಅಂತು. ಮನಿಯಲ್ಲಿ ಕೂತು ತಕಳೂದೋ, ಟಾಕೀಸಿಗೆ ಹೋಗಿ ತಕಳೂದೋ, ಗಿರಾಕಿಗೆ ಬಿಟ್ಟದ್ದು ಅನ್ನೂ ಮಾತೂ ಅಲ್ಲಿ ಬಂದದೆ. ಕೋರ್ಟಿನ ಮಾತಿಗೆ ನಾ ಎದುರಾಡೂದಿಲ್ಲ. ಅದೇ ಮಾತನ್ನೇ ಹಿಡ್ಕಂತೆ. ಟಾಕೀಸಿಗೆ ಕಿಟಕಿ ಇದೆ, ಅದ್ಕೆ ಗಿರಾಕಿಗೆ ಆಯ್ಕೆ ಇದೆ. ಕಿಟಕಿನೇ ಮುಚ್ಚಿ, ಆಪೊಂದೇ ಬಾಗ್ಲು ಮಾಡಿ ಇಟ್ಟ ಮ್ಯಾಚಿಗೆ ಆಯ್ಕೆ ಎಲ್ಲಿ? ಬೇರೆ ಬಾಗ್ಲು ಇದ್ರೆ ಮಾತ್ರ ಈ ಬಾಗ್ಲಿಗೆ ಅನುಕೂಲದ ದುಡ್ಡು ಕೇಳೂಕೆ ಬಾಯಿ ಬತ್ತದೆ.

ಕಿಟಕಿ ವಿಷ್ಯ ನಂಗೆ ಬರೀ ದುಡ್ಡಿಂದಲ್ಲ. ನಮ್ಮ ಮಾವ ಒಬ್ರಿದ್ರು, ಎಪ್ಪತ್ತೆಂಟು ವರ್ಷ. ಪ್ರಾಯದಲ್ಲಿ ಇಡೀ ತಾಲ್ಲೂಕಿಗೆ ಗೊತ್ತಿದ್ದ ಕಬಡ್ಡಿ ಆಳು. ಈಗ ಮೊಣಕಾಲು ಬಾಗೂದಿಲ್ಲ, ಆದ್ರೂ ಎಲ್ಲಿ ಆಟ ಅಂದ್ರೂ ಕೋಲು ಊರ್ಕಂಡು ಹೊರಡ್ತ್ರು. ಅವರ ಹತ್ರ ಇರೂದು ಬಟನ್ ಫೋನು. ಮೊದ್ಲು ತಾವೇ ಸರದಿಯಲ್ಲಿ ನಿಂತು ಟಿಕೇಟು ತಕಂತಿದ್ರು, ಮೊಮ್ಮಕ್ಳಿಗೂ ತೆಗಿಸಿ ಕೊಡ್ತಿದ್ರು. ಈಗ ಆ ಮೊಮ್ಮಕ್ಳ ಹತ್ರವೇ "ನಂಗೂ ಒಂದು ಮಾಡ್ಕೊಡ್ಯಾ" ಅಂತ ಕೇಳ್ಬೇಕು. ಹೋದ ಸಲ ಕೇಳೂದೇ ಬಿಟ್ಬಿಟ್ರು. "ಟಿವಿಯಲ್ಲಿ ನೋಡ್ತೆ, ಬಿಡಿ" ಅಂದ್ರು. ಅವರ ಜೇಬಲ್ಲಿ ಐನೂರರ ನೋಟಿತ್ತು. ಅದನ್ನ ತಕಳೂ ಜನ ಇರ್ಲಿಲ್ಲ.

ಮತ್ತೊಂದು ಸಂಗ್ತಿ ಪಕ್ಕದ್ಮನೆ ಅಕ್ಕಂದು. ಹಿಂದೊಂದು ವರ್ಷ ಅವ್ರು ಮಗಳಿಗೆ ಅಂದೇಳಿ ಒಂದು ಮ್ಯಾಚಿಗೆ ಮೂರು ಟಿಕೇಟು ಮಾಡಿದ್ರು. ಮಳೆ ಬಂದು ಆಟ ಆಗ್ಲೇ ಇಲ್ಲ. ಇಪ್ಪತ್ತು ದಿವ್ಸ ಬಿಟ್ಟು ಟಿಕೇಟಿನ ದುಡ್ಡು ವಾಪಸ್ ಬಂತು, ಫೀ ಬರ್ಲಿಲ್ಲ. ಕೇಳಿದ್ರೆ, "ಬುಕಿಂಗ್ ಸೇವೆ ಆಗಿ ಹೋಗದೆ" ಅಂತ ಉತ್ರ. ನೋಡಿ ಮಾರಾಯ್ರೆ, ಮದುವೆ ನಿಂತು ಹೋದ್ರೆ ಅಡುಗೆಯವ್ರು ಕೂಡ ಮುಂಗಡದ ವಿಷ್ಯ ಕೂತು ಮಾತಾಡ್ತ್ರು. ಆಟ ಆಗ್ದಿದ್ದದ್ದು ಅಕ್ಕನ ತಪ್ಪಲ್ಲ, ಆದ್ರೂ ಇಡೀ ವ್ಯವಹಾರದಲ್ಲಿ ಲುಕ್ಸಾನು ಆದದ್ದು ಅವ್ರಿಗೊಬ್ರಿಗೇ.

ಹೊರಗಿನ ದೇಶದಲ್ಲೂ ಜನ ಇದೇ ತರ ಬೇಸತ್ತೇ ಕಾನೂನು ಮಾಡಿಸಿದ್ದು. ಇಂಗ್ಲೆಂಡಲ್ಲಿ ಕಾರ್ಡಲ್ಲಿ ಕೊಟ್ಟದ್ದಕ್ಕೆ ಮೇಲಿಂದ ದುಡ್ಡು ತಕಳೂದನ್ನ 2018ರ ಜನವರಿ 13ರಿಂದ ನಿಲ್ಸಿದ್ರು. 2025ರ ಏಪ್ರಿಲಿಂದ, ತಪ್ಪಿಸ್ಕಳೂಕೆ ಆಗ್ದ ಫೀಗಳೆಲ್ಲ ಮೊದ್ಲು ತೋರ್ಸೂ ಬೆಲೆಯಲ್ಲೇ ಇರ್ಬೇಕು ಅಂತಲೂ ಮಾಡಿದ್ರು. ಅಮೆರಿಕೆಯಲ್ಲಿ 2025ರ ಮೇ 12ರಿಂದ ಆಟ, ಸಂಗೀತ ಕಾರ್ಯಕ್ರಮದ ಟಿಕೇಟಿಗೂ ಹೋಟೆಲ್ ರೂಮಿಗೂ ಇದೇ ನಿಯಮ, ಒಟ್ಟು ಬೆಲೆ ಮೊದ್ಲೇ ಕಾಣ್ಬೇಕು. ಫೀ ತಕಳ್ಬಾರ್ದು ಅಂತ ಹೇಳ್ಲಿಲ್ಲ, ಮುಚ್ಚಿಡ್ಬಾರ್ದು ಅಂದ್ರು. ನಾವೂ ಕೇಳೂದು ಅಷ್ಟೇ. ಅಲ್ಲಿ ಸರ್ವರು ಬಿದ್ದೋಗ್ಲಿಲ್ಲ, ಕ್ಲಬ್ಬು ಮುಚ್ಲಿಲ್ಲ.

"ಇನ್ನೂರು ರೂಪಾಯಿಗೆ ಇಷ್ಟು ಕೂಗಾಟವಾ?" ಅಂದೇಳಿ ನಮ್ಮನಿಯವ್ರೇ ನಕ್ಕರು. ಗಂಡಸ್ರಿಗೆ ಇನ್ನೂರು ಸಣ್ಣದು ಯಾಕೆ ಕಾಣ್ತದೆ ಅಂದ್ರೆ ಆ ಇನ್ನೂರನ್ನ ಉಳಿಸಿದ್ದು ಅವ್ರಲ್ಲ. ನಂಗೆ ಗೊತ್ತದೆ ಅದು ಎಷ್ಟು ಕಾಯಿ ಸುಲಿದ ದುಡ್ಡು ಅಂತ. ಮತ್ತೆ ಇದು ನಂದೊಂದೇ ಇನ್ನೂರಲ್ಲ. ಒಂದು ಮೈದಾನದಲ್ಲಿ ಇಪ್ಪತ್ತು ಸಾವಿರ ಜನ ಕೂತ್ರೆ, ತಲೆಗೆ 40ರಂತೆ ಒಂದೇ ಸಂಜೆಗೆ ಎಂಟು ಲಕ್ಷ. ನಮಗೆ ಸಣ್ಣದಾಗಿ ಕಾಣೂ ಹಾಗೆ ಕೊಯ್ದು ಕೊಯ್ದು ಇಡೂದ್ರಲ್ಲೇ ಅವ್ರ ಹುಷಾರಿ ಇರೂದು.

ಮತ್ತೆ ಸಣ್ಣ ದುಡ್ಡಿನ ಮಾತನ್ನ ಅಂಕೋಲೆಯವ್ರಿಗೆ ಯಾರೂ ಹೇಳ್ಬಾರ್ದು. 1930ರ ಏಪ್ರಿಲ್ 13ಕ್ಕೆ ಇದೇ ಊರಿನ ಕಡಲ ದಂಡಿಗೆ ಎಂ. ಪಿ. ನಾಡಕರ್ಣಿಯವರ ಮುಂದಾಳ್ತನದಲ್ಲಿ ಜನ ಹೋಗಿ ಉಪ್ಪಿನ ಕಾನೂನು ಮುರಿದ್ರು. ಉಪ್ಪಿನ ತೆರಿಗೆ ಅಂದ್ರೆ ಒಂದು ಮನಿಗೆ ಎಷ್ಟು ದೊಡ್ಡ ಮೊತ್ತ ಆಗ್ತಿತ್ತು? ಚಿಲ್ರೆ. ಆದ್ರೂ ಬಿಡ್ಲಿಲ್ಲ. ಉಪ್ಪಿನ ಸತ್ಯಾಗ್ರಹಕ್ಕೂ ಮ್ಯಾಚಿನ ಟಿಕೇಟಿಗೂ ಹೋಲ್ಸೂಕೆ ನಂಗೆ ಧೈರ್ಯ ಇಲ್ಲ, ಅಜ್ಜಂದ್ರು ಮೇಲಿಂದ ಬೈತ್ರು. ಸಣ್ಣದು ಅಂದ್ಕಂಡು ಬಿಡೂ ಚಾಳಿ ಈ ಊರಿಗೆ ಮೊದ್ಲಿಂದ ಇರ್ಲಿಲ್ಲ ಅಂತ ಅಷ್ಟೇ ಹೇಳ್ತೆ.

ಕ್ಲಬ್ಬಿನವ್ರು, ಆಪಿನವ್ರು ಮಾಡ್ಬೇಕಾದ್ದು ನಾಲ್ಕೇ ನಾಲ್ಕು. ಮೊದಲ ಪುಟದಲ್ಲೇ ಪೂರಾ ಬೆಲೆ ಹಾಕಿ. ಫೀ ತಕಳೂದಾದ್ರೆ ಒಂದು ಬುಕಿಂಗಿಗೆ ಒಂದೇ ಸಲ ತಕಳಿ, ತಲೆ ಎಣಿಸ್ಬೇಡಿ. ಯುಪಿಐಯಲ್ಲಿ ಕೊಟ್ಟವ್ರಿಗೆ ದುಡ್ಡು ಕೊಟ್ಟದ್ದಕ್ಕೇ ದುಡ್ಡು ಕೇಳ್ಬೇಡಿ. ಆಟ ನಿಂತ್ರೆ ಫೀ ಸಹ ವಾಪಸ್ ಕೊಡಿ. ಮತ್ತೆ ಮೈದಾನದ ಹತ್ರ ಒಂದು ಕಿಟಕಿ ತೆರ್ದಿಡಿ, ನಮ್ಮ ಮಾವನಂಥವ್ರಿಗೆ. ಐದಾಯ್ತು, ಇರ್ಲಿ. ನಾನೂ ಒಂದು ಮೇಲಿಂದ ಹಾಕ್ದೆ, ಆದ್ರೆ ಹೇಳಿ ಹಾಕ್ದೆ.

ನಾವು ಮಾಡೂದು ಎಂತ? ಕಡೇ ಪುಟ ಬಂದಾಗ ಪಿನ್ ಹಾಕೂ ಮೊದ್ಲು ಫೋಟೋ ಹಿಡ್ದು ಇಟ್ಕಳಿ, ಮಕ್ಳಿಗೆ ಹೇಳಿದ್ರೆ ಸ್ಕ್ರೀನ್‌ಶಾಟ್ ತೆಗ್ದು ಕೊಡ್ತ್ರು. ಮೊದಲ ಪುಟದ್ದೂ ಒಂದು ತೆಗೀರಿ, ಎರಡೂ ಇದ್ರೇ ಮೋಸ ಕಾಣೂದು. ಟಿಕ್ ಬಿದ್ದ ದಾನ, ವಿಮೆ ಇದ್ರೆ ತೆಗ್ದು ಹಾಕಿ. ಆಮೇಲೆ 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೂ ಮಾತಾಡ್ಬಹುದು. ಅದ್ರಿಂದ ಆಗ್ದಿದ್ರೆ ಜಿಲ್ಲಾ ಗ್ರಾಹಕ ಆಯೋಗ ನಮ್ಮ ಕಾರವಾರದಲ್ಲೇ ಇದೆ. 2019ರ ಗ್ರಾಹಕ ಕಾನೂನಿನ ಪ್ರಕಾರ ಕಂಪನಿ ಎಲ್ಲಿದ್ರೂ ನಾವು ಇರೂ ಜಿಲ್ಲೆಯಲ್ಲೇ ದೂರು ಕೊಡ್ಬಹುದು, ಬೆಂಗ್ಳೂರಿಗೆ ಓಡ್ಬೇಕು ಅಂತಿಲ್ಲ. ಐದು ಲಕ್ಷದ ತನಕದ ವ್ಯವಹಾರಕ್ಕೆ ದೂರಿನ ಫೀ ಇಲ್ಲ. ವಕೀಲ್ರೇ ಬೇಕು ಅಂತಲೂ ಇಲ್ಲ. ಇನ್ನೂರಕ್ಕೆ ಅಷ್ಟೆಲ್ಲ ಯಾರು ಮಾಡ್ತ್ರು ಅಂದ್ರಾ? ಒಬ್ಬಳಿಗೆ ಕಷ್ಟ. ನಾವು ಹತ್ತು ಜನ ಒಂದೇ ವಾರ 1915ಕ್ಕೆ ಹಚ್ಚಿದ್ರೆ ಅಲ್ಲಿ ಬರ್ಕಳೂ ಪುಸ್ತಕದಲ್ಲಿ ಹತ್ತು ಸಾಲು ಆತದೆ.

ಕಡೆಗೆ ಎಂತಾಯ್ತು ಕೇಳ್ತ್ರಲ್ಲ? ದಾನದ ಟಿಕ್ ತೆಗ್ದೆ, ನಾಲ್ಕು ರೂಪಾಯಿ ಉಳೀತು. ಉಳಿದದ್ದು ಕೊಟ್ಟೆ. ಅರ್ಧ ನಿಮಿಷ ಇತ್ತು, ಹುಡುಗನ ಕಣ್ಣಲ್ಲಿ ನೀರು ಬರೂದೊಂದು ಬಾಕಿ ಇತ್ತು. ಅವ ಪರೀಕ್ಷೆಗೆ ಓದಿದ್ದು ಸುಳ್ಳಾಗ್ಬಾರ್ದಲ್ಲ. ಟಿಕೇಟು ಬಂದ ಕೂಡ್ಲೆ ಇಬ್ರೂ ಅಂಗಳದಲ್ಲಿ ಓಡಾಡಿದ್ದು ನೋಡಿ ನಂಗೂ ಖುಷಿಯಾಯ್ತು, ಸುಳ್ಳು ಹೇಳೂದಿಲ್ಲ. ಆ ಖುಷಿಗೆ ನಾ ಎರಡು ಸಾವಿರ ಕೊಟ್ಟದ್ದು, ಅದ್ಕೆ ಬೇಜಾರಿಲ್ಲ.

ರಾತ್ರಿ ಲೆಕ್ಕದ ಪುಸ್ತಕ ತೆಗ್ದೆ. "ಅಣ್ಣನ ಮಕ್ಳಿಗೆ ಟಿಕೇಟು, 2000" ಅಂತ ಬರ್ದೆ. ಕೆಳಗೆ ಇನ್ನೊಂದು ಸಾಲು ಬಿಟ್ಟು "218.80" ಅಂತ ಬರ್ದೆ, ಮುಂದೆ ಎಂತಕ್ಕೆ ಅಂತ ಬರೀಬೇಕು ಗೊತ್ತಾಗ್ಲಿಲ್ಲ. ಮೂವತ್ತು ವರ್ಷದಲ್ಲಿ ಆ ಪುಸ್ತಕದಲ್ಲಿ ಕಾರಣ ಬರೀದೆ ಬಿಟ್ಟ ಸಾಲು ಅದೊಂದೇ. ಮರುದಿವ್ಸ 1915ಕ್ಕೆ ಹಚ್ದೆ. ದೂರು ಬರ್ಕಂಡು ನಂಬರು ಕೊಟ್ಟದ್ರು. ಆ ನಂಬರನ್ನ ಅದೇ ಖಾಲಿ ಸಾಲಲ್ಲಿ ಬರ್ದಿಟ್ಟಿದ್ದೆ. ಎಂತಾಯ್ತು ಅಂತ ಇಲ್ಲೇ ಹೇಳ್ತೆ. ನಿಮ್ಮನಿಯಲ್ಲೂ ಇಂಥ ಬಿಲ್ಲು ಇದ್ರೆ ಹುಡ್ಕಿ ಇಟ್ಟಿರಿ, ಮುಂದಿನ ಸಲ ಸಿಕ್ಕಾಗ ಹಪ್ಪಳ ಒತ್ತುತ್ತಾ ಒಟ್ಟಿಗೆ ಕೂತು ನೋಡ್ವಾ.